ಅಗಡಿ ಹೊಲದೊಳಗಿನ ಎರಡನೇ ಬೆಸುಗೆ

ಬೆಸುಗೆಯ ಮೇಲಿನ ಹೊದಿಕೆ ತೆಗೆದವಳು ನಾನು, ದಾವಲಸಾಬ. ಒಂದರದ್ದಲ್ಲ — ಎರಡರದ್ದೂ. ನೀನು ಮುಚ್ಚಿಯೇ ಹೋಗಿದ್ದಿ. ನಾನು ಸುಳ್ಳು ಹೇಳಿದೆ, ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಅಗಡಿಯ ನಮ್ಮ ಹೊಲದಲ್ಲಿ ಗ್ಯಾಸಿನ ಪೈಪು ಹಾಯುವಾಗಿನ ಮಾತು. ನೀನು ರಾಣೆಬೆನ್ನೂರಿನಿಂದ ಬಂದ ವೆಲ್ಡರ್. ನಾನು ಹೊಲದವಳು, ಪೈಪಿನ ಬಾಜೂಕೇ ಬ್ಯಾಡಗಿ ಪೇಟೆಗೆ ಕಳಿಸುವ ಮೆಣಸಿನಕಾಯಿ ಒಣಗಹಾಕಿ ಕಾಯುತ್ತಿದ್ದೆ. ಆ ಶುಕ್ರವಾರ ನೀನು ಎರಡು ಬೆಸುಗೆ ಮುಗಿಸಿ, ಎರಡಕ್ಕೂ ದಪ್ಪ ಹೊದಿಕೆ ಸುತ್ತಿ, ಮೇಲೆ ತಾಡಪತ್ರಿ ಎಳೆದು, ನಮಾಜಿಗೆ ಹೊರಟಿ.

“ಆಯಿ, ಇವು ತಾವಾಗೇ ಆರಬೇಕು. ಲಗೂ ಆರಿದ್ರ ಬೆಸುಗಿ ಬಾಜೂಕಿನ ಕಬ್ಬಿಣ ಗಾಜಿನಂಗ ಆಗತೈತಿ. ಯಾರೂ ಮುಟ್ಟದಂಗ ನೋಡ್ಕೋ ಬೇ.”

ಕಮ್ಮಾರನ ಮಗಳಿಗೆ ಕಬ್ಬಿಣದ ಪಾಠ ಹೇಳುತ್ತೀಯೇನೋ ಅಂದೆ. ಹಂಗಾರ ನಾಳಿಂದ ನೀನೇ ವೆಲ್ಡಿಂಗ್ ಮಾಡು, ನಾ ಮೆಣಸಿನಕಾಯಿ ಕಾಯತೇನಿ ಅಂತ ನಗುತ್ತ ಹೋದಿ.

ನೀನು ಹೋಗಿ ಸ್ವಲ್ಪ ಹೊತ್ತಿಗೆ ಹನಿ ಶುರುವಾಯಿತು. ಒಣಗಿದ ಕಾಯಿ ತೊಯ್ದರೆ ಬಣ್ಣ ಹೋಗುತ್ತದೆ, ಪೇಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ನಿನ್ನ ತಾಡಪತ್ರಿ. ಎಳೆದು ಕಾಯಿಯ ಮೇಲೆ ಹೊದಿಸಿದೆ. ಸಾಲಲಿಲ್ಲ — ಹೊದಿಕೆಗಳನ್ನೂ ಬಿಚ್ಚಿದೆ. ಮಳೆ ಬಿದ್ದ ಬೆಸುಗೆ ಚುಂಯ್ ಅಂದಿತು, ಹಬೆ ಎದ್ದಿತು. ನೀರು ಕುಡಿದರೆ ಕಬ್ಬಿಣ ಗಟ್ಟಿಯಾಗುತ್ತದೆ, ಒಳ್ಳೆಯದೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಅದೂ ಸುಳ್ಳು. ನನ್ನಪ್ಪ ಕಾಸಿದ ಕುಡುಗೋಲನ್ನು ನೀರಿಗೆ ಅದ್ದಿದ ಮೇಲೆ ಮತ್ತೆ ಸಣ್ಣ ಬೆಂಕಿಗೆ ಹಿಡಿಯುತ್ತಿದ್ದ. ಹಿಡಿಯದೇ ಬಿಟ್ಟರೆ ಅದು ಗಡಸಾಗಿಯೇ ಇರುತ್ತದೆ, ಆದರೆ ಕಲ್ಲಿಗೆ ತಾಗಿದರೆ ಚಟ್ಟನೆ ಮುರಿಯುತ್ತದೆ. ಅಪ್ಪನ ಕುಲುಮೆಯ ತಿದಿ ಒತ್ತುತ್ತ ಬೆಳೆದ ನನಗೆ ಇದು ಗೊತ್ತಿರಲಿಲ್ಲ ಅಂತ ಹೇಗೆ ಹೇಳಲಿ...

ಹನಿ ನಿಂತ ಮೇಲೆ, ನೀನು ಬರುವುದರೊಳಗೆ, ಹೊದಿಕೆಗಳ ಹಸಿ ಬದಿ ಮೇಲೆ ಮಾಡಿ ಸುತ್ತಿ, ತಾಡಪತ್ರಿ ಎಳೆದು, ಇದ್ದಂತೆಯೇ ಇಟ್ಟೆ.

ಎರಡು ದಿನ ಬಿಟ್ಟು ಪರೀಕ್ಷೆಯವರು ಮಷಿನ್ ತಂದರು. ಅವರು ಎಲ್ಲ ಬೆಸುಗೆ ನೋಡುವುದಿಲ್ಲ, ಅಲ್ಲೊಂದು ಇಲ್ಲೊಂದು. ನಿನ್ನ ಎರಡರಲ್ಲಿ ಮೊದಲನೆಯದನ್ನು ನೋಡಿದರು. ಬೆಸುಗೆ ಚೊಲೋ ಇತ್ತು. ಅದರ ಅಂಚಿಗೆ, ಪೈಪಿನ ಕಬ್ಬಿಣದಲ್ಲಿ, ಕೂದಲೆಳೆಯಷ್ಟು ಸೀಳು. ಇಲ್ಲಿ ಕಬ್ಬಿಣ ಅತಿ ಗಡಸಾಗಿದೆ, ತಟ್ಟನೆ ಆರಿದೆ ಅಂದರು. ನಮಾಜಿನ ಅವಸರಕ್ಕೆ ಮುಚ್ಚದೇ ಓಡಿದೆಯೇನು ಅಂತ ಸೂಪರ್‌ವೈಸರ್ ಎಲ್ಲರ ಮುಂದೆ ನಿನ್ನನ್ನು ಹಂಗಿಸಿದ. ನೀನು ನನ್ನ ಕಡೆ ಕೈ ಮಾಡಿ, ಆಯಿ ಇಲ್ಲೇ ಇದ್ಲು, ಕೇಳ್ರಿ ಅಂದಿ.

ನಾನು ಅಂದದ್ದು: “ಇದೊಂದು ಮುಚ್ಚಿರಲಿಲ್ಲರಿ. ಅದನ್ನ ಮುಚ್ಚಿದ್ದ.”

ಅರ್ಧ ಸುಳ್ಳು ಹೇಳಿದರೆ ನಂಬುತ್ತಾರೆ — ಅಷ್ಟು ಶಾಣ್ಯಾತನ ನನಗಿತ್ತು. ಎರಡೂ ಅಂದರೆ ಇನ್ನೂ ಕೆದಕುತ್ತಾರೆ, ಕೆದಕಿದರೆ ನನ್ನ ತನಕ ಬರುತ್ತಾರೆ... ಮೊದಲನೆಯದನ್ನು ಕತ್ತರಿಸಿ ಹೊಸದಾಗಿ ಬೆಸೆದರು. ನಿನ್ನನ್ನು ಕೆಲಸದಿಂದ ತೆಗೆದರು. ಎರಡನೆಯದನ್ನು ನನ್ನ ಮಾತಿನ ಮೇಲೆ ಹಾಗೇ ಹೂತರು.

ಈಗ ನಾನು ಆ ಮಣ್ಣಿನ ಮೇಲೇ ಬದುಕಬೇಕು. ಕೆಳಗೆ ಗ್ಯಾಸು ಹರಿಯುತ್ತದೆ. ಮೊಮ್ಮಕ್ಕಳು ಅಲ್ಲಿ ಆಡಿದರೆ ಬಡಿಗೆ ಹಿಡಿದು ಓಡಿಸುತ್ತೇನೆ. ಸೊಸೆ ಕಸಕ್ಕೆ ಬೆಂಕಿ ಹಚ್ಚಿದರೆ ಬೈಯುತ್ತೇನೆ. ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಯಾಕೆ ಅಂತ ಹೇಳಹೋದರೆ ಎಲ್ಲ ಹೇಳಬೇಕು. ಹೊಲ ಬಿಟ್ಟು ಹೋಗಲಾರೆ, ಹೊಲದಲ್ಲಿ ನಿಲ್ಲಲಾರೆ.

ಹೋದ ತಿಂಗಳು ರಾಣೆಬೆನ್ನೂರಿನಲ್ಲಿ ನಿನ್ನನ್ನು ಕಂಡೆ. ಕಿಟಕಿಯ ಸರಳು ಬೆಸೆಯುತ್ತಿದ್ದವನು ಎದ್ದು ಬಂದು ಚಾ ತರಿಸಿದಿ. ನೀನೇ ಅಂದಿ: “ಅವತ್ತ ನಿನಗ ಸರಿ ಕಂಡಿರಲಿಕ್ಕಿಲ್ಲ ಬಿಡು ಆಯಿ.”

ನೆಪ ಕೂಡ ನೀನೇ ಕೊಟ್ಟಿ. ಅದನ್ನೂ ಚಾ ಜೊತೆ ನುಂಗಿ ಬಸ್ಸು ಹತ್ತಿದೆ. ನನ್ನ ಕಣ್ಣು ಚೆನ್ನಾಗೇ ಇದ್ದವು, ದಾವಲಸಾಬ.

ಮಾಫಿ ಕೇಳುವುದಿಲ್ಲ. ಇದನ್ನೇ ಎರಡು ಸಲ ಬರೆದಿದ್ದೇನೆ. ನಾಳೆ ಒಂದು ಹಾವೇರಿಯ ಪೈಪಿನ ಆಫೀಸಿಗೆ, ಆಮೇಲೆ ಒಂದು ನಿನ್ನ ಕೈಗೆ. ಮೊದಲು ಅವರು ಅಗೆಯಲಿ. ಎರಡನೇ ಬೆಸುಗೆ ಪೈಪಿನ ಗುರುತಿಗೆ ನೆಟ್ಟ ಹಳದಿ ಕಂಬದಿಂದ ಹಳ್ಳದ ಕಡೆಗೆ ಹದಿನಾರು ಹೆಜ್ಜೆ. ಅದು ಆಗಿನ ನನ್ನ ಹೆಜ್ಜೆ, ಈಗ ಇಪ್ಪತ್ತಾದೀತು. ನಾನೇ ನಿಂತು ತೋರಿಸುತ್ತೇನೆ.