ಹೊಲದಮ್ಮನ ತಂಗಿ

ಹೊಸೂರಿನ ಹಳೇ ಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಜನರನ್ನು ಗುಂಪು ಕಟ್ಟಿಕೊಂಡು ಗುಡಿ, ದರ್ಗಾಗಳನ್ನೆಲ್ಲ ನಡೆಸಿ ತೋರಿಸುವ ಒಂದು ಏರ್ಪಾಡಿದೆ. ಸೊಂಟಕ್ಕೆ ಸ್ಪೀಕರ್ ಡಬ್ಬಿ ಸಿಕ್ಕಿಸಿಕೊಂಡು, ಕೆನ್ನೆಯ ಹತ್ತಿರ ಮೈಕು ಇಟ್ಟುಕೊಂಡ ಗೈಡ್ ಮುಂದೆ. ಟೋಪಿ, ನೀರಿನ ಬಾಟಲಿ, ಫೋನು ಹಿಡಿದವರು ಹಿಂದೆ. ಅವರನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತಿತ್ತು. ನಾನು ದಿನಾ ಫ್ಯಾಕ್ಟರಿ ಬಸ್ಸಿಗೆ ಏದುಸಿರು ಬಿಟ್ಟುಕೊಂಡು ಓಡುವ ಬೀದಿಯಲ್ಲಿ ಟಿಕೆಟ್ ತೆಗೆದುಕೊಂಡು ನಡೆಯುತ್ತಾರಲ್ಲ, ಇವರಿಗೇನು ಬೇರೆ ಕೆಲಸ ಇಲ್ಲವಾ ಅಂತ. ಕೊನೆಗೆ ಆ ನಡಿಗೆಗೆ ನಾನೇ ಎರಡು ಸಲ ಹೋದೆ. ಎರಡನೇ ಸಲ ಗುಂಪು ಬಿಟ್ಟು ಅರ್ಧದಲ್ಲೇ ಹೊರಟುಬಿಟ್ಟೆ.

ಮೊದಲ ಸಲ ಕರೆದುಕೊಂಡು ಹೋದವನು ನನ್ನ ತಮ್ಮ. ಅವನಿರುವುದು ಬೇರಿಕೆ ದಾಟಿ ಗಡಿಯಾಚೆ, ಕರ್ನಾಟಕಕ್ಕೆ ಸೇರಿದ ನಮ್ಮೂರಲ್ಲಿ. ಅಪ್ಪ ಹೋದ ಮೇಲೆ ಅಮ್ಮನನ್ನು ನಾನು ಹೊಸೂರಿಗೆ ಕರೆತಂದೆ. ಅಮ್ಮ ಬಂದಳು, ಆದರೆ ಅವಳ ಜೀವ ಮಾತ್ರ ಊರಲ್ಲೇ ಇತ್ತು. ಮನೆ ಮೇಲೆ ಅವಳಿಗೆ ಅಂಥ ಆಸೆ ಇರಲಿಲ್ಲ. ಜೀವ ಇದ್ದದ್ದು ಹೊಲದಮ್ಮನ ಮೇಲೆ. ನಮ್ಮ ರಾಗಿ ಹೊಲದ ಮೂಲೆಯಲ್ಲಿ ಒಂದು ಬೇವಿನ ಮರ, ಮರದ ಬುಡದಲ್ಲಿ ಅರಿಶಿನ ಬಳಿದ ಮೂರು ಕಲ್ಲು. ಅದೇ ಹೊಲದಮ್ಮ. ಗುಡಿಯಿಲ್ಲ, ಗೋಪುರವಿಲ್ಲ, ಪೂಜಾರಿಯೂ ಇಲ್ಲ. ನಮ್ಮ ಮನೆಯ ಹೆಂಗಸರೇ ಎಲ್ಲ. ಬೇಸಿಗೆಯಲ್ಲಿ ಒಂದು ಮಂಗಳವಾರ ಅಕ್ಕಿಹಿಟ್ಟಿಗೆ ಬೆಲ್ಲ ಕಲಸಿ, ತಂಬಿಟ್ಟಿನ ದೀಪ ಮಾಡಿ, ಅದಕ್ಕೆ ತುಪ್ಪದ ಬತ್ತಿ ಇಟ್ಟು, ತಲೆ ಮೇಲೆ ಹೊತ್ತುಕೊಂಡು ಹೋಗಿ ಅವಳ ಮುಂದೆ ಇಳಿಸಬೇಕು. ಅಮ್ಮ ಮದುವೆಯಾಗಿ ಬಂದ ವರ್ಷದಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗಲೂ ಹೊತ್ತಿದ್ದಳಂತೆ.

ಹೊಸೂರಿಗೆ ಬಂದ ಮೊದಲ ಬೇಸಿಗೆಯಲ್ಲೇ ತಕರಾರು ಶುರುವಾಯಿತು. ಅಮ್ಮ ಊರಿಗೆ ಹೊರಡುತ್ತೇನೆ ಅಂದಾಗಲೆಲ್ಲ ತಮ್ಮ ಫೋನಿನಲ್ಲಿ ಏನಾದರೊಂದು ಹೇಳುತ್ತಿದ್ದ. ರಸ್ತೆ ಕಿತ್ತಾಕಿದಾರೆ. ಊರಲ್ಲಿ ಎಲ್ಲರಿಗೂ ಜ್ವರ. ಬಸ್ಸು ನಿಲ್ಲಿಸಿಬಿಟ್ಟಿದಾರೆ. "ದೀಪ ನಾವೇ ಹಚ್ತೀವಿ, ನೀನ್ಯಾಕಮ್ಮ ಮಂಡಿ ನೋವಲ್ಲಿ ಬತ್ತೀಯಾ?" ಅನ್ನುತ್ತಿದ್ದ. ಅಮ್ಮ ಫೋನು ಇಟ್ಟು ಅಳುತ್ತಿದ್ದಳು. ಫ್ಯಾಕ್ಟರಿಯಲ್ಲಿ ಗಡಿಯಾರದ ಸಣ್ಣ ಸಣ್ಣ ಚಕ್ರಗಳ ಮೇಲೆ ಎಂಟು ಗಂಟೆ ಕಣ್ಣು ನೆಟ್ಟು ಬರುತ್ತಿದ್ದ ನನಗೆ ಆ ಅಳು ಕೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅವಳ ಮೇಲೂ, ಅವನ ಮೇಲೂ.

ಹೀಗಿರುವಾಗ ಒಂದು ಭಾನುವಾರ ಬೆಳ್ಳಂಬೆಳಿಗ್ಗೆ ತಮ್ಮ ಬಂದು ಬಾಗಿಲು ತಟ್ಟಿದ. ಮೂರು ಟಿಕೆಟ್ ತಂದಿದ್ದ. "ಎದ್ದೇಳಮ್ಮ, ಹೊಸೂರು ದೇವ್ರನ್ನೆಲ್ಲ ತೋರಿಸ್ಕೊಂಡ್ ಬತ್ತೀನಿ" ಅಂದ. ಇವನಿಗೆ ಯಾವಾಗ ಬಂತಪ್ಪ ಈ ಭಕ್ತಿ ಅಂತ ನಾನು ಗೇಲಿ ಮಾಡಿದೆ. ಅಮ್ಮ ಮಾತ್ರ ಮದುವೆಗೆ ಹೊರಟವಳ ಹಾಗೆ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟಳು.

ಬೆಟ್ಟದ ಬುಡದಲ್ಲಿ ಗುಂಪು ಸೇರಿತು. ಗೈಡ್ ಮೂವತ್ತರ ಆಸುಪಾಸಿನವನು, ಲಾರಿ ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರ ಇದು. ತಮಿಳಲ್ಲಿ ಶುರು ಮಾಡಿ, ತೆಲುಗಿನವರನ್ನು ಕಂಡರೆ ತೆಲುಗಿಗೆ ಹೊರಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಮುಗಿಸುತ್ತಿದ್ದ. ಬೆಟ್ಟದ ಮೇಲಿನ ಈಶ್ವರನಿಗೆ ಕೆಳಗಿನಿಂದಲೇ ಕೈಮುಗಿಸಿ, ಕೆರೆ ಏರಿಯ ಆಂಜನೇಯ, ಪೇಟೆಯ ದರ್ಗಾ, ಹಳೇ ಚರ್ಚು ಅಂತ ನಡೆಸಿದ. ಪ್ರತಿ ಬಾಗಿಲಲ್ಲೂ ಚಪ್ಪಲಿ ಬಿಡುವುದು, ಹಾಕುವುದು. ಅಮ್ಮನಿಗೆ ಸಾಕಾಗಿ ಬರಿಗಾಲಲ್ಲೇ ನಡೆದಳು. ತಮ್ಮ ಅವಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬೀದಿ ಬೀದಿ ಹಿಂದೆ ಬಂದ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹೆಂಗಸು ಅದನ್ನು ನೋಡಿ, "ಮಗ ಅಂದ್ರೆ ಹೀಗಿರಬೇಕು" ಅಂದಳು. ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ನನಗೂ ಅವನ ಮೇಲೆ ಪ್ರೀತಿ ಉಕ್ಕಿತು. ಸುಳ್ಳು ಯಾಕೆ ಹೇಳಲಿ.

ಕೋಟೆ ಕಡೆಯ ಒಂದು ಸಂದಿಯಲ್ಲಿ ಎರಡು ಮನೆಗಳ ನಡುವೆ ಸಿಕ್ಕಿಕೊಂಡಂತಿದ್ದ ಪುಟ್ಟ ಅಮ್ಮನ ಗುಡಿ ಮುಂದೆ ಗೈಡ್ ನಿಂತ. ಈ ಸಲ ಮೊದಲೇ ಕನ್ನಡದಲ್ಲಿ ಶುರು ಮಾಡಿದ.

"ಈ ತಾಯಿ ಇಲ್ಲಿಯೋಳಲ್ಲ. ಬೇರಿಕೆ ಆಚೆಯಿಂದ ಬಂದೋಳು. ಇವಳ ಅಕ್ಕ ಈಗ್ಲೂ ಅಲ್ಲೇ ಅವ್ಳೆ, ರಾಗಿ ಹೊಲದಾಗೆ, ಬೇವಿನ ಮರದ ಕೆಳಗೆ ಮೂರು ಕಲ್ಲಾಗಿ. ಗಾಡಿ ಹಿಂದೆ ನಡ್ಕೊಂಡು ಬಂದ ತಂಗಿ ಇಲ್ಲಿ ನಿಂತ್ಬುಟ್ಳು. ಅಕ್ಕಂಗೆ ಸಲ್ಲಬೇಕಾದ್ದು ತಂಗಿಗೆ ಕೊಟ್ರೂ ಆಯ್ತದೆ, ಅವಳು ಮುಟ್ಟಿಸ್ತಾಳೆ."

ಅಮ್ಮನ ಕೈ ನನ್ನ ತೋಳನ್ನು ಹಿಡಿದದ್ದು ಉಗುರು ಒತ್ತುವಷ್ಟು ಬಿಗಿಯಾಗಿ. "ನಮ್ಮಮ್ಮ ಕಣೇ! ನಮ್ಮ ಹೊಲದಮ್ಮನ ತಂಗಿ ಕಣೇ!" ಅಂದವಳೇ ಆ ಬೀದಿಯಲ್ಲಿ, ಅಷ್ಟು ಜನರ ಮುಂದೆ, ರೇಷ್ಮೆ ಸೀರೆಯಲ್ಲಿ ಉದ್ದಕ್ಕೆ ಅಡ್ಡಬಿದ್ದಳು. ಜನ ಫೋನು ಎತ್ತಿ ಫೋಟೋ ತೆಗೆದರು.

ನಿನಗೇಕೆ ಅನುಮಾನ ಬರಲಿಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮ ಕಡೆಯವರಾರೂ ಕೇಳುವುದಿಲ್ಲ. ಅಕ್ಕತಂಗಿಯರಿಲ್ಲದ ಅಮ್ಮ ನಮ್ಮ ಕಡೆ ಎಲ್ಲಿದ್ದಾಳೆ? ಒಂದೂರಿನ ಮಾರಮ್ಮ ಇನ್ನೊಂದೂರಿನವಳ ಅಕ್ಕ, ಮತ್ತೊಂದೂರಿನವಳ ತಂಗಿ. ಮುನಿಸಿಕೊಳ್ಳುತ್ತಾರೆ, ಹಬ್ಬಕ್ಕೆ ಹೋಗಿ ಬರುತ್ತಾರೆ. ಕೆರೆಯಲ್ಲಿ ನೀರಿದೆ ಅನ್ನುವಷ್ಟೇ ಸಲೀಸಾಗಿ ನಾವು ಅದನ್ನು ನಂಬಿ ಬೆಳೆದವರು. ಹೊರಗಿನವನೊಬ್ಬ ನಮ್ಮ ಮರ, ನಮ್ಮ ಮೂರು ಕಲ್ಲು ಹೇಳುತ್ತಿದ್ದಾನೆ ಅಂದರೆ ಅದು ಹೊಲದಮ್ಮನೇ ಆಡಿಸಿದ ಮಾತು ಅಂದುಕೊಂಡೆವು. ತಮ್ಮ ಕಣ್ಣೊರೆಸಿಕೊಂಡ. ಅದನ್ನೂ ನಾನು ನೋಡಿದೆ.

ಅಲ್ಲಿಂದೀಚೆಗೆ ಅಮ್ಮ ಊರಿನ ಸುದ್ದಿ ಎತ್ತಲಿಲ್ಲ. ಎರಡು ಬೇಸಿಗೆ ತಂಬಿಟ್ಟಿನ ದೀಪ ಆ ಸಂದಿಗೆ ಹೋಯಿತು. ಹೊಸೂರಿನ ಆಟೋ, ಬೈಕುಗಳ ನಡುವೆ ತಲೆ ಮೇಲೆ ದೀಪ ಹೊತ್ತು ನಮ್ಮಮ್ಮ ಹೋಗುತ್ತಿದ್ದರೆ ಟ್ರಾಫಿಕ್ ಪೊಲೀಸಿನವನು ಗಾಡಿ ನಿಲ್ಲಿಸಿ ದಾರಿ ಬಿಡಿಸುತ್ತಿದ್ದ. ಅವಳು ಅಲ್ಲಿ ನಿಂತು ಬೇಡುತ್ತಿದ್ದದ್ದು ಕೇಳಿದ್ದೇನೆ: "ನಿಮ್ಮಕ್ಕಂಗೆ ಹೇಳು ತಾಯಿ, ನನ್ನ ಮಗನ ಮನೆ ಕಾಯಿ ಅಂತ ಹೇಳು." ಮಗಳ ಮನೆ ಅಂತ ಒಂದು ಸಲವೂ ಅವಳ ಬಾಯಲ್ಲಿ ಬರಲಿಲ್ಲ. ಇರಲಿ, ಅದು ಬೇರೆ ಮಾತು.

ಈ ವರ್ಷ ನಮ್ಮ ಫ್ಯಾಕ್ಟರಿಯ ಲೈನಿನ ಹೆಂಗಸರೆಲ್ಲ ಸೇರಿ ಅದೇ ನಡಿಗೆಗೆ ಹೊರಟರು. ನಾನೂ ಹೋದೆ. ಅದೇ ಗೈಡ್. ಕೆರೆ ಏರಿ, ದರ್ಗಾ, ಚರ್ಚು ಎಲ್ಲ ಮುಗಿಸಿ ಆ ಅಮ್ಮನ ಗುಡಿಯ ಸಂದಿಗೆ ಬಂದೆವು. ನಾನು ಪಕ್ಕದವಳಿಗೆ, "ಈಗ ಕೇಳು, ಇದು ನಮ್ಮೂರ ಕಥೆ" ಅಂತ ಜಂಬದಿಂದ ಹೇಳಿದೆ. ಅವನು ತಮಿಳಿನಲ್ಲಿ, "ಇವಳುಕ್ಕು ಅಕ್ಕಾ ತಂಗಚ್ಚಿ ಯಾರುಮ್ ಇಲ್ಲೆ" ಅಂದ.

ಇವಳಿಗೆ ಅಕ್ಕ ತಂಗಿ ಯಾರೂ ಇಲ್ಲ. ಇದೇ ಬೀದಿಯಲ್ಲಿ ಹುಟ್ಟಿದವಳು, ಒಂಟಿ ಹೆಣ್ಣು. ಅದಕ್ಕೇ ಒಡಹುಟ್ಟಿದವರಿಲ್ಲದ ಹುಡುಗಿಯರು ಬಂದು ಇಲ್ಲಿ ಬಳೆ ಕಟ್ಟುತ್ತಾರೆ ಅಂತ ಬಾಗಿಲ ಸರಳು ತೋರಿಸಿದ. ಸರಳಿನ ತುಂಬ ಗಾಜಿನ ಬಳೆ. ಎರಡು ವರ್ಷದಿಂದ ನೋಡುತ್ತಿದ್ದ ಬಳೆ. ಚೆಂದಕ್ಕೆ ಕಟ್ಟಿದ್ದಾರೆ ಅಂದುಕೊಂಡಿದ್ದೆ.

"ಏನಪ್ಪಾ, ಬೇರಿಕೆ ಆಚೆಯ ಅಕ್ಕ ಏನಾದ್ಳು?" ಅಂತ ಅಷ್ಟು ಜನರ ನಡುವೆ ಕೂಗಿಯೇ ಕೇಳಿದೆ. ಅವನು ನನ್ನನ್ನು ಗುರುತು ಹಿಡಿದ. ಮೈಕು ಆರಿಸಿ, ಪಕ್ಕಕ್ಕೆ ಕರೆದ.

"ಬೈಬೇಡಿ ಅಕ್ಕ. ನಿಮ್ಮ ತಮ್ಮ ಹಿಂದಿನ ದಿನಾನೇ ಬಂದು ಕೇಳ್ಕೊಂಡ್ರು. ಮರ, ಕಲ್ಲು ಎಲ್ಲ ಅವ್ರೇ ಹೇಳ್ಕೊಟ್ಟಿದ್ದು. ನಮ್ಮಮ್ಮ ಊರಿಗೆ ಹೋಗ್ಬೇಕೂಂತ ಕೊರಗ್ತಾ ಅವ್ಳೆ, ಒಂದು ಮಾತು ಸೇರಿಸ್ಬುಡಪ್ಪ, ಮುದುಕಿ ಜೀವ ತಣ್ಣಗಾಯ್ತದೆ ಅಂದ್ರು. ಪುಣ್ಯದ ಕೆಲಸ ಅಂದ್ಕೊಂಡೆ."

"ಬೆಂಕಿ ಬಿತ್ತು ನಿನ್ನ ಪುಣ್ಯಕ್ಕೆ!" ಅಂದು ನಾನು ಗುಂಪು ಬಿಟ್ಟು ನೇರ ಬಸ್ ಸ್ಟ್ಯಾಂಡಿಗೆ ನಡೆದೆ. ಸುಳ್ಳು ಹೇಳಿದ್ದಾನೆ ಅನ್ನುವುದು ಗೊತ್ತಾಗಿತ್ತು. ಯಾಕೆ ಅನ್ನುವುದು ಬಸ್ಸಿನಲ್ಲಿ ಕೂತಾಗ ನಿಧಾನವಾಗಿ ಹೊಳೆಯತೊಡಗಿತು. ಅಮ್ಮ ಊರಿಗೆ ಬರಬಾರದು ಅನ್ನುವುದೇ ಅವನಿಗೆ ಬೇಕಾಗಿದ್ದದ್ದು. ರಸ್ತೆಯನ್ನು ಯಾರೂ ಕಿತ್ತು ಹಾಕಿರಲಿಲ್ಲ. ಬೇರಿಕೆಯಲ್ಲಿ ಇಳಿದರೆ ಊರಿಗೆ ಹೋಗುವ ಬಸ್ಸು ನನಗಾಗಿಯೇ ನಿಂತಂತೆ ನಿಂತಿತ್ತು.

ನಮ್ಮ ಹೊಲ ಇದ್ದ ಕಡೆ ನೀಲಿ ಶೀಟು ಹೊದಿಸಿದ ದೊಡ್ಡ ಗೋದಾಮು. ಸುತ್ತ ಕಾಂಪೌಂಡು, ಗೇಟಿನಲ್ಲಿ ಕಾವಲಿನವನು. ಬೇವಿನ ಮರವಿಲ್ಲ. ಮರ ಎಲ್ಲಿತ್ತು ಅಂತ ಗುರುತು ಹಿಡಿಯಲೂ ನನಗಾಗಲಿಲ್ಲ, ಅಂಥಾ ಸಪಾಟು ಮಾಡಿದ್ದರು.

ತಮ್ಮ ಮನೆಯಲ್ಲೇ ಇದ್ದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಹೊಲ ಮಾರಿದ್ದಕ್ಕೆ ನಾನು ಜಗಳಕ್ಕೆ ಬಂದಿರಲಿಲ್ಲ. ಅಪ್ಪ ಅದನ್ನು ಅವನ ಹೆಸರಿಗೇ ಬಿಟ್ಟಿದ್ದು, ಅವನ ಇಷ್ಟ.

"ಕಲ್ಲೆಲ್ಲೋ?" ಅಂದೆ.

"ಕೂತ್ಕೋ ಅಕ್ಕ, ನೀರು ಕುಡಿ."

"ನಿನ್ನ ನೀರು ಬೇಡ. ಮೂರು ಕಲ್ಲು ಎಲ್ಲಿಟ್ಟಿದೀಯ, ಹೇಳ್ಲಾ."

ಅವನು ನೆಲ ನೋಡಿದ. "ನಾನು ಎತ್ತಿಡಣ ಅಂತಾನೇ ಇದ್ದೆ ಕಣಕ್ಕ. ಹೋಗೋ ಹೊತ್ತಿಗೆ ಜೆಸಿಬಿ ಬಂದ್ಬುಟ್ಟಿತ್ತು. ಮಿಕ್ಕ ಕಲ್ಲಿನ ಜೊತೆ ಅಡಿಪಾಯಕ್ಕೆ ಹೋಗ್ಬುಟ್ವು."

ಹೊಡೆಯೋಣ ಅಂತ ಕೈ ಎತ್ತಿದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಅಮ್ಮಂಗೆ ಹೇಳ್ಬೇಡ ಕಣಕ್ಕ. ಎದೆ ಒಡ್ಕೊಂಡ್ ಸತ್ತೋಗ್ತಾಳೆ. ಈಗ ಸುಖವಾಗವ್ಳೆ ತಾನೆ? ನಾನು ಮಾಡಿದ್ದೆಲ್ಲ ಅವಳಿಗೋಸ್ಕರಾನೇ."

ಅವಳಿಗೋಸ್ಕರ! ಅವನ ಕೈ ಕೊಡವಿ ಹೊರಟು ಬಂದೆ. ಹೇಳುತ್ತೇನೆ ಅಂತಲೂ ಅನ್ನಲಿಲ್ಲ, ಹೇಳುವುದಿಲ್ಲ ಅಂತಲೂ ಅನ್ನಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ಹೇಳಿದರೆ ಅಮ್ಮನ ಜೀವಕ್ಕೆ ಇದ್ದ ಒಂದು ಆಸರೆ ಕಿತ್ತುಹಾಕಿದ ಹಾಗೆ. ಹೇಳದಿದ್ದರೆ ಬರುವ ಮಂಗಳವಾರ ಅವಳು ಮತ್ತೆ ದೀಪ ಹೊತ್ತು ಹೋಗುತ್ತಾಳೆ, ಪಕ್ಕದಲ್ಲಿ ನಾನು ತುಪ್ಪದ ಬಟ್ಟಲು ಹಿಡಿದುಕೊಂಡು ನಡೆಯಬೇಕು. ಅವನ ಸುಳ್ಳಿಗೆ ನಾನು ತುಪ್ಪ ಹೊಯ್ಯಬೇಕು. ಅದು ನನ್ನಿಂದಾಗದು.

ಮನೆಗೆ ಬಂದಾಗ ಅಮ್ಮ ಅಕ್ಕಿ ನೆನೆಸಿ ಬಟ್ಟೆಯ ಮೇಲೆ ಆರಹಾಕುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಗೈಡ್ ಹೇಳಿದ್ದು, ಗೋದಾಮು, ಅಡಿಪಾಯ, ಒಂದೂ ಬಿಡಲಿಲ್ಲ. ಎದೆ ಒಡೆದುಕೊಳ್ಳಲಿಲ್ಲ ಅವಳು. ಅಕ್ಕಿಯ ಮೇಲೆ ಕೈ ಹಾಗೇ ನಿಂತಿತು, ಅಷ್ಟೆ. "ನೀನು ಸರಿಯಾಗಿ ನೋಡಿದ್ಯಾ? ಬೇರೆಯೋರ ಹೊಲ ಇರ್ಬೋದು" ಅಂದಳು.

ಅಷ್ಟರಲ್ಲಿ ಫೋನು ಬಂತು. ಅವನೇ. ನಾನು ಎತ್ತಲು ಹೋದರೆ ಅಮ್ಮ ಕೈ ಅಡ್ಡ ಹಿಡಿದು, ತಾನೇ ಎತ್ತಿ, ಜೋರಾಗಿ ಕೇಳುವ ಹಾಗೆ ಮಾಡು ಅಂತ ಸನ್ನೆ ಮಾಡಿದಳು.

"ಅಕ್ಕ ಬಂದ್ಲೇನಮ್ಮ? ಏನಾದ್ರೂ ಹೇಳಿದ್ಲಾ?"

"ಈಗ ಬಂದ್ಲು. ಯಾಕೋ ತಲೆನೋವು ಅಂತ ಮಲಗವ್ಳೆ. ಏನು ಹೇಳ್ಬೇಕಿತ್ತಪ್ಪ?"

ಆ ಕಡೆಯಿಂದ ಅವನು ಉಸಿರು ಬಿಟ್ಟದ್ದು ನಮಗಿಬ್ಬರಿಗೂ ಕೇಳಿಸಿತು.

"ಹೊಲದಮ್ಮ ಹೆಂಗವ್ಳೆ ಮಗ?" ಅಂತ ಅಮ್ಮ ಕೇಳಿದಳು. ಎಷ್ಟು ಮೆಲ್ಲಗೆ ಕೇಳಿದಳು ಅಂದರೆ, ಈಗಲಾದರೂ ಹೇಳೋ, ಒಂದೇ ಒಂದು ಸಲ ನಿಜ ಹೇಳೋ ಅಂತ ನಾನೇ ಒಳಗೊಳಗೆ ಅವನಿಗೆ ಕೈ ಮುಗಿದೆ.

"ಚೆನ್ನಾಗವ್ಳಮ್ಮ. ನೆನ್ನೆ ತಾನೆ ಮರದ ಬುಡ ಗುಡಿಸಿ, ಅರಿಶಿನ ಹಚ್ಚಿ ಬಂದೆ."

"ಮರ ಚಿಗುರೈತಾ?"

"ಹ್ಞೂಂ, ಹೂವೂ ಬಿಟ್ಟೈತೆ. ವಾಸನೆ ಅಂದ್ರೆ ವಾಸನೆ."

"ಮೂರು ಕಲ್ಲಿಗೂ ಹಚ್ಚಿದ್ಯಾ ಅರಿಶಿನ?"

"ಮೂರಕ್ಕೂ ಹಚ್ಚಿದೆ. ನಡುವಿನ ಕಲ್ಲಿಗೆ ಹೂವೂ ಮುಡಿಸಿದೆ."

"ಒಳ್ಳೇದಾಯ್ತು ಬುಡು. ಊಟ ಮಾಡು, ಹುಷಾರು" ಅಂದು ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಅತ್ತಳು. ಹೊಲದಮ್ಮನಿಗಾಗಿ ಅತ್ತ ಅಳು ಅದಲ್ಲ, ನನಗೆ ಗೊತ್ತು. ಆ ಮಂಗಳವಾರ ದೀಪ ಹೊರಡಲಿಲ್ಲ.

ತಮ್ಮ ಈಗಲೂ ವಾರವಾರ ಫೋನು ಮಾಡುತ್ತಾನೆ. ಅಮ್ಮ ಎತ್ತುವುದಿಲ್ಲ. ನಾನು ಎತ್ತಿದರೆ, ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಾ, ಮಲಗವ್ಳೆ ಅನ್ನು ಅಂತ ಕೈಸನ್ನೆ ಮಾಡುತ್ತಾಳೆ. "ಮಲಗವ್ಳೆ ಕಣೋ" ಅನ್ನುತ್ತೇನೆ. "ಚೆನ್ನಾಗವ್ಳೆ ತಾನೆ?" ಅಂತ ಅವನು ಕೇಳುತ್ತಾನೆ. ನಾನು ಅಮ್ಮನ ಮುಖ ನೋಡುತ್ತೇನೆ. ಅವಳು ಹೂಂ ಅನ್ನು ಅಂತ ತಲೆಯಾಡಿಸುತ್ತಾಳೆ. "ಚೆನ್ನಾಗವ್ಳೆ" ಅನ್ನುತ್ತೇನೆ.