ರೈಲಿನ ಮುಂದೆ ನಡೆದಾಕೆ

ಬೆಳಗಿನ ಐದೂವರೆ. ಮಂಜಿನಲ್ಲಿ ಹಳಿ ಇಪ್ಪತ್ತು ಹೆಜ್ಜೆಯಾಚೆ ಕಾಣುತ್ತಿಲ್ಲ. ಹೆಂಗಸೊಬ್ಬರು ಸುತ್ತಿಗೆಯಿಂದ ಹಳಿಗೆ ಟಣ್ ಎಂದು ಹೊಡೆದು, ತಲೆ ವಾಲಿಸಿ ಕೇಳಿಸಿಕೊಂಡು, ಮುಂದಕ್ಕೆ ಹೋಗುತ್ತಾರೆ. ಹಿಂದೆ ಏದುಸಿರು ಬಿಡುತ್ತ, ಅವರ ಬಗ್ಗೆ ಬರೆಯಲು ಬಂದ ನಾನು. "ಗಟ್ಟಿ ಇದ್ರೆ ಹಾಡತ್ತೆ. ಬಿರುಕು ಬಿಟ್ಟಿದ್ರೆ ಗೊರಗೊರ ಅನ್ನತ್ತೆ, ನಮ್ಮನೆಯವ್ರ ಗೊರಕೆ ಥರ," ಎಂದು ನಗುತ್ತಾರೆ.

ಇವರು ಹಳಿ ಕಾಯುವ ಅಕ್ಕ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಎಂಟು ಕಿಲೋಮೀಟರ್ ನಡಿಗೆ, ಹೆಗಲಲ್ಲಿ ಒಂಬತ್ತು ಕಿಲೋ ಚೀಲ. ಎರಡು ಹಳಿ ಕೂಡುವ ಸಂದಿನಲ್ಲಿ ಕಬ್ಬಿಣದ ಪಟ್ಟಿ, ಬೋಲ್ಟು ಸರಿಯಿದೆಯೇ ಎಂದು ನೋಡುವುದೇ ಕೆಲಸ. ಮಂಡಿ ಸವೆದಿದೆ. ಗಂಡ ದರ್ಜಿ. "ಅವ್ರು ಬಟ್ಟೆ ಹೊಲೀತಾರೆ, ನಾನು ಹಳಿ. ಅವ್ರ ಹೊಲಿಗೆ ಬಿಟ್ರೆ ಗಿರಾಕಿ ಬೈತಾನೆ. ನಂದು ಬಿಟ್ರೆ ಬೈಯೋಕೂ ಯಾರೂ ಉಳಿಯಲ್ಲ."

ಕಳೆದ ತಿಂಗಳ ಮಾತು. ಮಗಳಿಗೆ ನಗರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಸಂದರ್ಶನ, ಒಂಬತ್ತಕ್ಕೆ ಸರಿಯಾಗಿ. ಹುಡುಗಿಗೆ ಆರೂವರೆಯ ರೈಲು ತಪ್ಪಿಹೋಯಿತು. ಮುಂದಿನದು ಎಂಟಕ್ಕೆ. ಇತ್ತ ಅಕ್ಕನಿಗೆ ತಿರುವಿನ ಬಳಿ ಪಟ್ಟಿಯೊಂದು ಸೀಳಿದ್ದು ಕಂಡಿತು. ಎಂಟರೊಳಗೆ ಬದಲಿಸಿದರಾಯಿತು ಎಂದು ಬೋಲ್ಟಿಗೆ ಕೈ ಹಾಕುವಷ್ಟರಲ್ಲಿ ಮಗಳ ಫೋನು.

"ಅಮ್ಮಾ, ಜನ ಜಾಸ್ತಿ ಅಂತ ಇನ್ನೊಂದು ರೈಲು ಬಿಟ್ಟಿದಾರೆ! ಹತ್ತಿ ಕೂತಿದೀನಿ, ಹೊರಟೇಬಿಡ್ತು!"

ನಿಲ್ದಾಣದಿಂದ ಸುದ್ದಿ ಇನ್ನೂ ಬಂದಿರಲಿಲ್ಲ. ಅಕ್ಕ ಕೆಂಪು ಬಾವುಟ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿ ರೈಲು ನಿಲ್ಲಿಸಿದರು. ಹಳಿ ಪಕ್ಕದಲ್ಲಿದ್ದ ಹೊಸ ಪಟ್ಟಿ ಬಿಗಿದರು. ಆದರೆ ಒಂದು ಸೀಳಿದ ಮೇಲೆ ಮಿಕ್ಕವನ್ನು ನಂಬುವುದು ಹೇಗೆ? ತಿರುವಿನಲ್ಲಿ ಇನ್ನೂ ಹನ್ನೊಂದು ಸಂದುಗಳಿದ್ದವು. "ಮೆಲ್ಲಗೆ ದಾಟಿಸ್ತೀನಿ ಬಿಡಮ್ಮ," ಎಂದ ಚಾಲಕನ ಮಾತಿಗೆ ಅವರು ಒಪ್ಪಲಿಲ್ಲ.

ಮುಂದೆ ಸುತ್ತಿಗೆ ಹಿಡಿದ ಅಕ್ಕ, ಹಿಂದೆ ತೆವಳುವ ಹನ್ನೆರಡು ಬೋಗಿ. "ಆಮೆಗೆ ದಾರಿ ತೋರಿಸ್ತಿದೀಯಾ?" ಎಂದು ಯಾರೋ ಕಿಟಕಿಯಿಂದ ಕೂಗಿದರಂತೆ. ತಿರುವಿನಲ್ಲಿ ತಿರುಗಿ ನೋಡಿದರೆ ಮೂರನೇ ಬೋಗಿಯಲ್ಲಿ ಮಗಳ ಮುಖ. ಒಮ್ಮೆ ನೋಡಿದ ಅಕ್ಕ ಮತ್ತೆ ಅತ್ತ ನೋಡಲಿಲ್ಲ. ಒಂದೊಂದಾಗಿ ಹನ್ನೊಂದೂ ಹಾಡಿದವು. ಒಂದರಲ್ಲೂ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಮಗಳು ಆಸ್ಪತ್ರೆ ಮುಟ್ಟಿದಾಗ ಒಂಬತ್ತು ಇಪ್ಪತ್ತು. ಸಂದರ್ಶನದ ಕೋಣೆಯ ಬಾಗಿಲು ಹಾಕಿತ್ತು.

"ಎರಡು ದಿನ ಮಾತೇ ಆಡ್ಲಿಲ್ಲ. ಮೂರನೇ ದಿನ, 'ಹನ್ನೊಂದೂ ಸರಿಯಾಗೇ ಇತ್ತಲ್ಲಮ್ಮ, ಸುಮ್ನೆ ಬಿಡಬಹುದಿತ್ತು' ಅಂದ್ಲು. 'ಸರಿ ಇತ್ತು ಅಂತ ನಿಂಗೆ ಹೇಗೆ ಗೊತ್ತಾಯ್ತು? ನಾನು ಹೊಡೆದು ನೋಡಿದ್ದಕ್ಕೆ ತಾನೆ?' ಅಂದೆ." ಆ ದಿನ ಮಗಳು ಬಿಸಿನೀರು ಕಾಯಿಸಿ ತಂದು ಅಮ್ಮನ ಮಂಡಿಗೆ ಶಾಖ ಕೊಟ್ಟಳಂತೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಅಕ್ಕ ಸುತ್ತಿಗೆಯನ್ನು ಹೆಗಲಿಗೇರಿಸುತ್ತಾರೆ.

"ಆಸ್ಪತ್ರೆಯವ್ರು ಆರು ತಿಂಗಳಿಗೆ ಅವಳನ್ನ ಮತ್ತೆ ಕರೀತಾರಂತೆ. ಅವತ್ತು ಅವಳ ರೈಲು ಬರೋವಾಗ ನಾನು ಹಳಿ ಪಕ್ಕ ನಿಂತು ಕೈ ಬೀಸ್ತೀನಿ. ಅವಳಿಗೆ ನಾನು ಕಾಣ್ಲೇಬಾರ್ದು, ಅಷ್ಟು ಜೋರಾಗಿ ಹೋಗ್ಬೇಕು."