ಕೆಂಪು ಶಾಯಿಯ ಎಂಟು ‘ಗುಡ್’ಗಳು

ಇಂಗ್ಲಿಷ್ ವ್ಯಾಕರಣ ಕಲಿಸುವವರು ಹಲವರಿದ್ದಾರೆ. ಅದನ್ನು ಮೂಗು, ಕಿವಿ, ಚರ್ಮಗಳ ಮೂಲಕ ಕಲಿಸಿದವರು ನಮ್ಮ ಕಾಲೇಜಿನಲ್ಲಿ ಒಬ್ಬರೇ. ಅಧ್ಯಾಪಕರಾಗಿ ಸೇರಿ, ಮೂವತ್ತನಾಲ್ಕು ವರ್ಷಗಳ ಬಳಿಕ ಅಧ್ಯಾಪಕರಾಗಿಯೇ ನಿವೃತ್ತರಾಗುತ್ತಿರುವ ‘ಹ್ಯಾಡ್ ಮೇಷ್ಟ್ರ’ನ್ನು ಅಭಿನಂದಿಸಲು ಆಡಳಿತ ಮಂಡಳಿಯೇ ಮುಂದೆ ಬಂದಿರುವುದು ಸಂತೋಷದ ಸಂಗತಿ. ಹತ್ತೊಂಬತ್ತು ವರ್ಷ ತಡವಾಯಿತೆಂದು ಬರೆಯಲು ಸನ್ಮಾನಪತ್ರದಲ್ಲಿ ಜಾಗ ಸಾಲದೆ ಹೋಗಿರಬೇಕು.

ಒಂದು ಘಟನೆಗೆ ಮೊದಲೇ ಇನ್ನೊಂದು ನಡೆದುಹೋಗಿತ್ತು ಎಂದು ‘ಹ್ಯಾಡ್’ ಸೇರಿಸಿ ಹೇಳುವ ‘ಪಾಸ್ಟ್ ಪರ್ಫೆಕ್ಟ್’ ಅವರ ಪ್ರಾಣ. ಕತ್ತು ವಾಲಿಸಿ, ಮೂಗು ಹಿಡಿದು, “ನಿನ್ನ ಮೂಗಿಗೆ ಏನು ಬಡಿದಿತ್ತಪ್ಪಾ? ಸುಳ್ಳು ಬರೀಬೇಡ, ಸುಳ್ಳಿಗೆ ಕಾಲವೇ ಇಲ್ಲ” ಎನ್ನುವ ಅವರ ಧಾಟಿಯನ್ನು ಅಣಕಿಸದ ವಿದ್ಯಾರ್ಥಿಯಿಲ್ಲ. ಮೂಸಿದ್ದು, ಕೇಳಿದ್ದು, ಮುಟ್ಟಿದ್ದರ ಬಗ್ಗೆ ನಾವು ದಿನಕ್ಕೊಂದು ನಿಜವಾದ ವಾಕ್ಯ ಬರೆಯಬೇಕಿತ್ತು, ತಾರೀಖಿನ ಸಮೇತ. ಆ ನೋಟ್‌ಬುಕ್‌ಗಳನ್ನು ಅವರು ಜೋಪಾನವಾಗಿಡುತ್ತಿದ್ದರು.

ಹತ್ತೊಂಬತ್ತು ವರ್ಷದ ಹಿಂದೆ ರಸಾಯನ ಪ್ರಯೋಗಾಲಯದಲ್ಲಿ ಗ್ಯಾಸ್ ಹೊತ್ತಿಕೊಂಡು ಅಟೆಂಡರ್ ಅಣ್ಣನ ಎರಡೂ ಕೈ ಸುಟ್ಟವು. ಹಿಂದಿನ ಸಂಜೆ ಗ್ಯಾಸಿನ ನಲ್ಲಿ ತೆರೆದಿಟ್ಟದ್ದು ಆತನೇ ಎಂದು ವಿಚಾರಣೆ ಶುರುವಾಯಿತು. “ಪೈಪ್ ಸೋರ್ತಿದೆ ಅಂತ ವಾರದ ಹಿಂದೇನೇ ಹೇಳಿದ್ದೆ ಸಾರ್” ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಷ್ಟ್ರು ನೋಟ್‌ಬುಕ್‌ಗಳನ್ನು ತಿರುವಿಹಾಕಿದರು. ಬೆಂಕಿಗೆ ಮುಂಚಿನ ವಾರವೇ, ಸೋಮವಾರ ಮೂವರು, ಬುಧವಾರ ಐವರು ಬರೆದಿದ್ದರು: ಬೀಗ ತೆಗೆಯುವ ಮೊದಲೇ ಪ್ರಯೋಗಾಲಯದ ಬಾಗಿಲಲ್ಲಿ ಗ್ಯಾಸಿನ ವಾಸನೆ ಬಂದಿತ್ತು, ‘ಹ್ಯಾಡ್ ಸ್ಮೆಲ್ಟ್’. ಎಂಟೂ ವಾಕ್ಯಗಳ ಕೆಳಗೆ ಕೆಂಪು ಶಾಯಿಯಲ್ಲಿ ಅವರದೇ ಅಕ್ಷರ: ‘ಗುಡ್’. ಎಂಟು ಸಲ ಓದಿ, ಎಂಟು ಸಲವೂ ಕ್ರಿಯಾಪದವನ್ನಷ್ಟೇ ನೋಡಿದ್ದರು.

“ಆ ಪುಟಗಳನ್ನ ಹರಿದ್ಬಿಡಿ ಮೇಷ್ಟ್ರೇ, ಬರೋ ವರ್ಷ ಪ್ರಿನ್ಸಿಪಾಲ್ ನೀವೇ” ಎಂದರು ಆಡಳಿತ ಮಂಡಳಿಯ ಆಗಿನ ಕಾರ್ಯದರ್ಶಿಗಳು.

“ಹರೀಬೋದು ಸಾರ್. ಆದ್ರೆ ಗುಡ್ ಅಂತ ಹಾಕ್ಬಿಟ್ಟಿದೀನಲ್ಲ.”

ನೋಟ್‌ಬುಕ್‌ಗಳನ್ನು ವಿಚಾರಣೆಯ ಮೇಜಿನ ಮೇಲಿಟ್ಟು, ಮೊದಲು ತಮ್ಮ ತಪ್ಪನ್ನೇ ಹೇಳಿಕೊಂಡರು. ಅಟೆಂಡರ್ ಅಣ್ಣನ ಕೆಲಸ ಉಳಿಯಿತು. ಮೇಷ್ಟ್ರಿಗೆ ‘ಕರ್ತವ್ಯಲೋಪ’ದ ಪತ್ರ ಬಂತು. ಪೈಪಿನ ದೂರನ್ನು ಮೂಲೆಗೆ ತಳ್ಳಿದ್ದ ಕಾರ್ಯದರ್ಶಿಗಳು ಅಧ್ಯಕ್ಷರಾದರು. ಇಂದು ಶಾಲು ಹೊದಿಸುವವರೂ ಅವರೇ.

ಅಂದಿನಿಂದ ವಾಕ್ಯ ಓದಿದೊಡನೆ ಮೇಷ್ಟ್ರು ಪೆನ್ನು ಕೆಳಗಿಟ್ಟು, “ಎಲ್ಲಿ? ವಾಸ್ನೆ ಈಗ್ಲೂ ಬರ್ತಿದ್ಯಾ? ನಡಿ, ತೋರ್ಸು” ಎಂದು ಎದ್ದುಬಿಡುತ್ತಿದ್ದರು. ಹೆಚ್ಚಿನ ಸಲ ಸಿಗುತ್ತಿದ್ದುದು ಸತ್ತ ಇಲಿ. ನಾವು ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ.

ಈ ಅಭಿನಂದನಾ ಸಂಪುಟಕ್ಕೆ ಒಂದು ಸಾಲು ಕೇಳಿದಾಗ ಅಟೆಂಡರ್ ಅಣ್ಣ, “ಬೆರಳು ಮಡಚಲ್ಲ, ನೀವೇ ಬರ್ಕೊಳ್ಳಿ. ನನ್ನ ಮಾತು ನಂಬಿದ್ದು ಅವ್ರೊಬ್ರೇ. ಒಂದು ವಾರ ತಡವಾಗಿ” ಎಂದ. ಅಚ್ಚಿಗೆ ಹೋಗುವ ಮುನ್ನ ಅದನ್ನು ಮೇಷ್ಟ್ರಿಗೆ ತೋರಿಸಿದೆವು. ಓದಿ, ‘ಗುಡ್’ ಬರೆಯದೆ ಪೆನ್ನು ಕೆಳಗಿಟ್ಟು, “ಏನೂ ತಿದ್ಬೇಡಿ” ಎಂದರು.

ತಿದ್ದಿಲ್ಲ. ಅವರು ನೂರು ವರ್ಷ ಬಾಳಲಿ. ನಾವು ಬರೆದದ್ದನ್ನು ಓದಿ, ಎದ್ದು ಬಂದು ನೋಡುತ್ತಿರಲಿ.